ಏಳನೇ ಬೀದಿ

ಸಾಂತೊ ದೊಮಿಂಗೊ ಚೌಕದ ಕಮಾನಿನಡಿ
ಮೂವತ್ತೊಂದು ವರ್ಷದಿಂದ ನನ್ನ ಟೈಪ್‌ರೈಟರು.
ಎನ್ ಅಕ್ಷರದ ನೆತ್ತಿಯ ಕೊಂಕು ಸವೆದುಹೋಗಿ
'ವರ್ಷ' ಎಂದು ಬಡಿದರೆ ನಗೆಪಾಟಲಿನ ಪದ ಮೂಡುತ್ತದೆ,
ಆಮೇಲೆ ಪೆನ್ನಿನಲ್ಲಿ ತಿದ್ದುತ್ತೇನೆ.
ಪ್ರೇಮಪತ್ರ ಬರೆಸುವವರು ಈಗಿಲ್ಲ.
ಬಾಡಿಗೆ ಕರಾರು, ನೀರಿನ ದೂರು, ಪಿಂಚಣಿ.

ಮಂಗಳವಾರ ಬಂದವಳು ದೋನ್ಯಾ ಎಪಿಗ್ಮೇನಿಯಾ,
ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ,
ಅದರೊಳಗೆ ಗಂಡ ಕ್ರಿಸೋಫೊರೊನ ಕಾಗದಗಳು.

ಹುಟ್ಟಿದ್ದೆಲ್ಲಿ ಅಮ್ಮ?
'ದಿಸ್ತ್ರಿತೊ ಫೆದೆರಾಲ್.'
ಆ ಹೆಸರು ಈಗಿಲ್ಲ, ತೆಗೆದುಹಾಕಿ ಎಷ್ಟೋ ಕಾಲವಾಯಿತು.
'ನಾನಿದ್ದೇನಲ್ಲ.'

ಯಾವ ದೆಲೆಗಾಸಿಯೋನ್ ಎಂದು ಕೇಳಹೋಗಿ
ನಾಲಿಗೆ ಕಚ್ಚಿಕೊಂಡೆ: ಅದೂ ಈಗ ಅಲ್ಕಾಲ್ದಿಯಾ.
ಬೋರ್ಡು ಹೊಸದು, ಬೋರ್ಡಿನ ಕೆಳಗಿನ ಗುಂಡಿ
ಮೊದಲಿನದೇ.

ದೇಶದ ಹೆಸರು ಮೆಕ್ಸಿಕೊ. ನಗರದ ಹೆಸರು ಮೆಕ್ಸಿಕೊ.
ನಗರವನ್ನು ಮೂರು ಕಡೆ ಸುತ್ತಿಕೊಂಡ ರಾಜ್ಯಕ್ಕೂ ಮೆಕ್ಸಿಕೊ.
ತಾತನ ಹೆಸರನ್ನೇ ಮಗನಿಗೂ ಮೊಮ್ಮಗನಿಗೂ ಇಟ್ಟ ಮನೆ;
ಅಂಗಳದಲ್ಲಿ ನಿಂತು ಕೂಗಿದರೆ ಮೂವರೂ ಓಗೊಡುತ್ತಾರೆ,
ಕೆಲಸವಿದೆ ಎಂದರೆ ಒಬ್ಬನೂ ಇಲ್ಲ.

ಅವಳ ಮನೆ ಏಳನೇ ಬೀದಿಯ ಪೂರ್ವದ ಸಾಲಿನಲ್ಲಿ.
ಅದು ರಾಜ್ಯ.
ಎದುರಿನ ತೋರ್ತಿಯಾ ಅಂಗಡಿ ನಗರ.
ಒಂದು ಕಾಲಕ್ಕೆ ಅಲ್ಲೆಲ್ಲ ಸರೋವರವಿತ್ತಂತೆ,
ಸುಳಿ ಇರುವಲ್ಲಿ ಬಾವುಟ ನೆಡುತ್ತಿದ್ದರಂತೆ,
ದೋಣಿಯವರು ದೂರದಿಂದಲೇ ಬಳಸಿ ಹೋಗಲೆಂದು.
ಪಾಂತಿತ್ಲಾನ್ ಎಂದರೂ ಬಾವುಟಗಳ ನಡುವೆ ಎಂದೇ.
ಈಗ ಅದು ಮೆಟ್ರೊ ನಿಲ್ದಾಣ,
ಬೆಳಿಗ್ಗೆ ಆರಕ್ಕೇ ಜನ ಸುಳಿಯುತ್ತಾರೆ.

ನಕ್ಕುಬಿಡಬಹುದು. ನಾನೇನು ಕಡಿಮೆ?
ನಮ್ಮ ಓಣಿಯವರು ಮನೆ ಮಾರುವಾಗ
ಪಕ್ಕದ ಬಡಾವಣೆಯ ಹೆಸರು ಹೇಳುತ್ತೇವೆ,
ಕಳ್ಳ ನುಗ್ಗಿದಾಗ ಮಾತ್ರ ನಮ್ಮದು.

ಸತ್ತದ್ದೆಲ್ಲಿ?
ಬೆರಳು ಎತ್ತಿದ್ದೆ, ಹಾಗೇ ಉಳಿಯಿತು.

ಅಂಗಡಿಗೆಂದು ದಾಟುತ್ತಿದ್ದನಂತೆ, ಅರ್ಧ ಕಿಲೊ ತೋರ್ತಿಯಾಕ್ಕೆ,
ಕಂಕುಳಲ್ಲಿ ಅವಳೇ ಹೊಲಿದ ಬಟ್ಟೆ.
ಬೀದಿಯ ನಟ್ಟನಡುವೆ ಕುಸಿದ.
ತಲೆ ರಾಜ್ಯದಲ್ಲಿ, ಚಪ್ಪಲಿ ನಗರದಲ್ಲಿ.
ಫೋನಿನಲ್ಲಿ ಆ ಕಡೆಯವರು ಕೇಳಿದ್ದು: ಯಾವ ಕಾಲುದಾರಿಯಮ್ಮ?
ಈ ಕಡೆಯವರು ಕೇಳಿದ್ದೂ ಅದನ್ನೇ.
ಕೊನೆಗೆ ತಮಾಲೆ ಮಾರುವ ಹುಡುಗ ನಾಬೋರ್
ಕಂಕುಳಿಗೆ ಕೈಕೊಟ್ಟು ನೆರಳಿಗೆ ಎಳೆದ.
ಮಧ್ಯಾಹ್ನ ಮೂರು ಗಂಟೆ, ನೆರಳು ನಗರದಲ್ಲಿತ್ತು.
ಬೆಳಿಗ್ಗೆಯಾಗಿದ್ದರೆ ರಾಜ್ಯದಲ್ಲಿರುತ್ತಿತ್ತು.

ಹೀಗಾಗಿ ಸತ್ತ ಕಾಗದ ಒಂದು ಸರಕಾರದ್ದು,
ಬದುಕಿದ್ದ ಕಾಗದ ಇನ್ನೊಂದರದ್ದು.
ಅಲ್ಲಿನ ಕಿಟಕಿ ಇಲ್ಲಿಗೆ ಕಳಿಸುತ್ತದೆ,
ಇಲ್ಲಿನ ಕಿಟಕಿಗೆ ಊಟದ ಹೊತ್ತು.

'ಚೇಲಾಳ ಅಂಗಡಿ ಎದುರಿಗೆ ಅಂತ ಬಡಿಯಿರಿ ಮಾಯೆಸ್ತ್ರೊ,
ಕುಂಟ ನಾಯಿ ಮಲಗುತ್ತದಲ್ಲ, ಅಲ್ಲಿ.
ಎಲ್ಲರಿಗೂ ಗೊತ್ತು.'
ಖಾನೆಯಲ್ಲಿ ಹಿಡಿಯುವುದು ಇಪ್ಪತ್ತೆರಡು ಅಕ್ಷರ.
ನಾಯಿಯನ್ನು ಬಿಡಬೇಕಾಯಿತು.

ಎರಡು ಪ್ರತಿ ಬೇಕೆಂದಳು, ಎರಡೂ ಕಿಟಕಿಗೆ.
ಕಾರ್ಬನ್ನಿನಲ್ಲಿ ಆಗುವುದಿಲ್ಲ ಅಮ್ಮ,
ಊರಿನ ಹೆಸರು ಬೇರೆ ಬೇರೆ,
ಎರಡು ಸಲ ಸಾಯಿಸಬೇಕಾಗುತ್ತದೆ ಎಂದೆ.
ಬಾಯಿತಪ್ಪಿ ಬಂದದ್ದು.
ಅವಳು ಚೀಲ ಮಡಚುತ್ತ ಮಡಚುತ್ತ
'ಬಡಿಯಿರಿ' ಎಂದಳು.

ಬಡಿದೆ. ನಗರದಲ್ಲೊಮ್ಮೆ, ರಾಜ್ಯದಲ್ಲೊಮ್ಮೆ.
ವಯಸ್ಸು ಎಪ್ಪತ್ತೊಂಬತ್ತು ವರ್ಷ, ಅದೊಂದು ಎರಡರಲ್ಲೂ ಒಂದೇ.
ಪೆನ್ನು ತೆಗೆದು
ಎರಡರಲ್ಲೂ ಆ ವರ್ಷದ ನೆತ್ತಿಗೆ
ಕೊಂಕು ಎಳೆದೆ.